ಓದುವ ಪ್ರಕಾರ, ಬರೆಯುವ ಪ್ರಕಾರ

ಉಮರಗಾ, ನಿಲಂಗಾ, ಉದಗೀರ ಭಾಗದ ಶಿಕ್ಷಕ ಬಂಧುಗಳಿಗೆ ಮೆಚ್ಚಿನ ಸಾಹಿತ್ಯ ಪ್ರಕಾರ ಯಾವುದೆಂದು ಕೇಳಿದರೆ ವಚನವೆಂಬ ಉತ್ತರವೇ ಮೊದಲು ಬರುವುದು. ಇದು ಸಹಜವೇ, 12ನೆಯ ಶತಮಾನದ ಶರಣರ ಕಲ್ಯಾಣ ನಮಗೆ ನೆರೆಯೂರು. ಆದರೆ ಮೆಚ್ಚಿದ ಪ್ರಕಾರದಲ್ಲಿಯೇ ಬರೆಯಹೊರಟಾಗ ನಾವು ಎಡವುತ್ತೇವೆ. ನೀತಿಮಾತನ್ನು ತುಂಡು ಸಾಲುಗಳಾಗಿಸಿ, ಕೊನೆಗೊಂದು ಅಂಕಿತವಿಟ್ಟ ಮಾತ್ರಕ್ಕೆ ಅದು ವಚನವಾಗಲಾರದು. ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿಸಿದನು. ಆಯ್ದಕ್ಕಿ ಲಕ್ಕಮ್ಮ ಗಂಡನು ಹೆಚ್ಚಾಗಿ ತಂದ ಅಕ್ಕಿಯನ್ನು ಮುಂದಿಟ್ಟುಕೊಂಡೇ ಆಸೆಯನ್ನು ಪ್ರಶ್ನಿಸಿದಳು. ಅವರಿಗೆ ಕಾಯಕವೇ ಮಾತಾಗಿತ್ತು.

ನಮ್ಮ ಕಾಯಕ ಪಾಠ ಹೇಳುವುದು. 1956ರಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಿಂದ ಉಸ್ಮಾನಾಬಾದಿಗೆ, 1982ರಲ್ಲಿ ಲಾತೂರಿಗೆ ಸೇರಿದವು. ಜಿಲ್ಲೆ ಬದಲಾದರೂ ಎಷ್ಟೋ ಮನೆಗಳ ಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿ ಅಕ್ಷರ ತಿದ್ದುವ ಮಗು ದಿನವೂ ನಮ್ಮೆದುರಿಗೆ ಕೂಡ್ರುತ್ತದೆ. ಅದರ ತೊದಲು, ಜಾಣತನ, ಮೌನ ಇವನ್ನು ನಾವಲ್ಲದೆ ಬಲ್ಲವರಾರು? ಎರವಲು ಅಂಕಿತದ ಸಾಲುಗಳಲ್ಲಿ ಆ ಮಗು ಕಾಣಿಸದು. ಅದಕ್ಕೆ ನೇರವಾದ ಗದ್ಯ, ಸಣ್ಣ ಪ್ರಬಂಧ ಬೇಕು.

ವಚನವನ್ನು ನಿತ್ಯವೂ ಓದೋಣ. ಬರೆಯುವಾಗ ಪ್ರಬಂಧವನ್ನು ಆರಿಸಿಕೊಳ್ಳೋಣ. ಶರಣರ ದಾರಿ ಹಿಡಿದಂತಾಗುವುದು ಆಗಲೇ ಎಂಬುದು ನಮ್ಮ ನಮ್ರ ಅಭಿಪ್ರಾಯ.