ಹಸಿರು ಬಣ್ಣದ ಕೆಳಗಿನ ಸುಣ್ಣದಕಲ್ಲು

ಸಿಮೆಂಟ್ ಧೂಳಿನ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಓದಿದವರು ಒಂದೇ ಔಷಧಿ ಹೇಳುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಗೆ ಒಳ್ಳೆಯ ಮಾಸ್ಟರ್ ಪ್ಲಾನ್ ಆಗಲಿ, ಸುತ್ತಲಿನ ಹೊಲಗಳಿಗೆ ಕೃಷಿ ವಲಯದ ಹಸಿರು ಬಣ್ಣ ಬೀಳಲಿ, ಊರಿನ ಹಳ್ಳಿತನ ತಾನಾಗಿ ಉಳಿಯುತ್ತದೆ ಎಂದು. ಮಾದರಿ ಯಾವುದೆಂದು ಕೇಳಿದರೆ ಮಳಖೇಡದ ಮಗ್ಗುಲಲ್ಲೇ ಇರುವ ಆದಿತ್ಯನಗರದ ಕಡೆ ಕೈ ತೋರಿಸುತ್ತಾರೆ. ರಾಜಶ್ರೀ ಸಿಮೆಂಟ್ ಕಾರ್ಖಾನೆಯ ಕಾಲೊನಿ ಅದು. ಗೆರೆ ಎಳೆದಂಥ ರಸ್ತೆ, ಮರ, ಶಾಲೆ ಎಲ್ಲ ಇದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕಿಂತ ಅದೇ ಹೆಚ್ಚು ಊರಿನಂತೆ ಕಂಡರೆ ಆಶ್ಚರ್ಯವಿಲ್ಲ.

ಈ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಾಸ್ಟರ್ ಪ್ಲಾನ್ ಬೇಡವೆಂದಲ್ಲ. ಅದು ನೆಲದ ಮೇಲ್ಮೈಯನ್ನಷ್ಟೇ ನೋಡುತ್ತದೆ. ಇಲ್ಲಿನ ತೀರ್ಮಾನಗಳೆಲ್ಲ ಆಗುವುದು ನೆಲದಡಿಯ ಕಲ್ಲಿನ ಲೆಕ್ಕದಲ್ಲಿ. ಬಣ್ಣವಾದರೂ ಗಟ್ಟಿಯೇ? ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ತನ್ನ 14ಎ ಕಲಮಿನಲ್ಲೇ ಭೂ ಉಪಯೋಗ ಬದಲಾವಣೆಗೆ ಬಾಗಿಲು ಇಟ್ಟಿದೆ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊಲವನ್ನು ಎನ್‌.ಎ. (ಕೃಷಿಯೇತರ) ಮಾಡಿಸುವ ದಾರಿ ಪ್ಲಾಟ್ ಮಾರುವವರಿಗೆಲ್ಲ ಬಾಯಿಪಾಠ. ನಕ್ಷೆಯಲ್ಲಿ ಒಮ್ಮೆ ವಸತಿ ವಲಯ ಎಂದು ಬಿದ್ದರಂತೂ ಆ ದಾರಿ ಇನ್ನೂ ಸರಾಗ.

ಹಳ್ಳಿತನವೆಂದರೆ ತೊಗರಿ ಹೊಲ, ಎತ್ತಿನ ಬಂಡಿ ಎಂದುಕೊಂಡವರು ಈ ಭಾಗದ ಹಳೆಯ ಮನೆಯೊಂದನ್ನು ನೋಡಬೇಕು. ಕಾಲಡಿಗೆ ಫರ್ಶಿ ಎಂಬ ಕಲ್ಲುಚಪ್ಪಡಿ, ಕಟ್ಟೆಗೆ ಫರ್ಶಿ, ತಲೆಯ ಮೇಲೆ ಹೊದಿಸಿದ್ದೂ ಫರ್ಶಿ. ಹೊಲದ ಬದುವಿಗೆ ಬಂದರೆ ಬೇಲಿಯ ಬದಲು ಸಾಲಾಗಿ ನಿಲ್ಲಿಸಿದ ಚಪ್ಪಡಿಗಳು. ಈ ಕಲ್ಲು ಪದರು ಪದರಾಗಿ ಮಲಗಿರುತ್ತದೆ. ಹಾರೆ ಹಾಕಿ ಮೀಟಿ ಎಬ್ಬಿಸಿ, ಉಳಿ ಸುತ್ತಿಗೆಯಲ್ಲಿ ಅಂಚು ತಿದ್ದುವವರು ಇದೇ ಹಳ್ಳಿಗಳವರು. ಬಿತ್ತನೆ, ರಾಶಿ ಮುಗಿದ ಮೇಲೆ ಖಣಿಗೆ ಹೋಗುವ ಮನೆಗಳು ಎಷ್ಟೋ ಇವೆ. ಇಲ್ಲಿ ಖಣಿಯೂ ಹಳ್ಳಿಯ ಬದುಕೇ. ಹೊಲ ಒಳ್ಳೆಯದು, ಖಣಿ ಕೆಟ್ಟದ್ದು ಎಂದು ಗೆರೆ ಎಳೆಯುವ ನಕ್ಷೆಗೆ ಈ ಊರು ಅರ್ಥವಾಗಿಲ್ಲ.

ಕಾನೂನಿನ ತಮಾಷೆ ನೋಡಿ. ಫರ್ಶಿಯಾಗಿ ಏಳುವ ಕಲ್ಲು ಉಪಖನಿಜ, ರಾಜ್ಯದ ನಿಯಮಕ್ಕೆ ಒಳಪಟ್ಟದ್ದು. ಪುಡಿಯಾಗಿ ಸಿಮೆಂಟಿಗೆ ಹೋಗುವ ಸುಣ್ಣದಕಲ್ಲು ಪ್ರಧಾನ ಖನಿಜ, ಅದಕ್ಕೆ ಕೇಂದ್ರದ 1957ರ ಗಣಿ ಮತ್ತು ಖನಿಜ ಕಾಯ್ದೆ. ಆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಗಣಿ ಗುತ್ತಿಗೆಯ ಅವಧಿ 50 ವರ್ಷ. ಮಾಸ್ಟರ್ ಪ್ಲಾನನ್ನು ಪರಿಷ್ಕರಿಸಬೇಕಾದದ್ದು 10 ವರ್ಷಕ್ಕೊಮ್ಮೆ. ಯಾವ ಕಾಗದ ಯಾವುದನ್ನು ಹಿಂಬಾಲಿಸುತ್ತದೆ ಎಂದು ಊಹಿಸಲು ಯೋಜನಾಧಿಕಾರಿ ಆಗಬೇಕಿಲ್ಲ.

ಹೊಲ ಮಾರಬೇಡ ಎಂದು ರೈತನಿಗೆ ಬುದ್ಧಿ ಹೇಳುವವರ ಬಗ್ಗೆಯೂ ಒಂದು ಮಾತು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಮೂರು ದಶಕ ದಾಟಿದ ಮೇಲೂ, 2002ರಲ್ಲಿ, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ ವರದಿ ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲೇ ಇಟ್ಟಿತು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ಸಂತೋಷ. ಆದರೆ ಹೂವಿನ ಹೊತ್ತಿಗೆ ಮೋಡ ಕವಿದರೆ ಆ ಪ್ರಮಾಣಪತ್ರ ಕಾಯಿ ಕಟ್ಟಿಸುವುದಿಲ್ಲ. ಹೆದ್ದಾರಿ ಬದಿಯ ಹೊಲದವನಿಗೆ ಪ್ಲಾಟಿನ ದರ, ಹಸಿರು ವಲಯದವನಿಗೆ ಹಳ್ಳಿ ಉಳಿಸುವ ಪುಣ್ಯ ಎಂದರೆ ಅವನು ಯಾಕೆ ಒಪ್ಪಬೇಕು?

ಹಾಗಾದರೆ ಹಿಡಿಯಬೇಕಾದದ್ದು ಯಾವುದನ್ನು? ಗಣಿ ಮುಚ್ಚುವ ಯೋಜನೆಯನ್ನು. ಸಿಮೆಂಟ್ ಗಣಿ ಅಗೆಯುವ ಮೊದಲೇ, ಅಗೆದಾದ ಮೇಲೆ ಆ ನೆಲ ಏನಾಗಬೇಕೆಂದು ಬರೆದುಕೊಟ್ಟು ಭಾರತೀಯ ಗಣಿ ಬ್ಯೂರೊದಿಂದ ಮಂಜೂರಾತಿ ಪಡೆಯಬೇಕು. ಎಲ್ಲಿ ಮಣ್ಣು ತುಂಬುವುದು, ಎಲ್ಲಿ ನೀರು ನಿಲ್ಲಿಸುವುದು, ಎಲ್ಲಿ ಗಿಡ ನೆಡುವುದು ಎಲ್ಲ ಅದರಲ್ಲಿರುತ್ತದೆ. ನನ್ನ ಪ್ರಕಾರ ಈ ಊರುಗಳ ಸೀಮೆಯ ಅಸಲಿ ಭೂಬಳಕೆ ಯೋಜನೆ ಅದೇ. ನಾವು ಅದನ್ನು ಓದುವುದೇ ಇಲ್ಲ. ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ 2006ರ ಅಧಿಸೂಚನೆಯಂತೆ ಅಹವಾಲು ಸಭೆ ಸೇರುತ್ತದೆ. ಮಾತು ನೌಕರಿ, ಧೂಳು, ಪರಿಹಾರಗಳಲ್ಲೇ ಮುಗಿಯುತ್ತದೆ. ಅವೂ ಬೇಕು. ಗುಂಡಿಯ ಮಾತು ಯಾರೂ ಎತ್ತುವುದಿಲ್ಲ.

ಎತ್ತಬೇಕು. ಶಹಾಬಾದ್ ಕಡೆಯ ಬಿಟ್ಟ ಫರ್ಶಿ ಖಣಿಯ ದಂಡೆಗೆ ಹೋಗಿ ನಿಂತರೆ ಕಾರಣ ಗೊತ್ತಾಗುತ್ತದೆ. ಗೋಡೆ ಕಡಿದಂತೆ ನೆಟ್ಟಗೆ ಇಳಿದ ಅಂಚು, ಕೆಳಗೆ ಹಸಿರುಗಟ್ಟಿದ ನೀರು. ದನ ಇಳಿಯಲು ಇಳಿಜಾರಿಲ್ಲ, ಬಿದ್ದವರು ಹತ್ತಲು ಮೆಟ್ಟಿಲಿಲ್ಲ. ಅದೇ ಗುಂಡಿಗೆ ಒಂದು ಬದಿ ಇಳಿಜಾರು ಕಡಿದು, ಉಳಿದ ಬದಿಗೆ ಅಲ್ಲೇ ಬಿದ್ದಿರುವ ಒಡಕು ಚಪ್ಪಡಿಗಳ ಬೇಲಿ ನಿಲ್ಲಿಸಿದ್ದರೆ ಊರಿಗೊಂದು ಕೆರೆ ಆಗುತ್ತಿತ್ತು. ಗಣಿಗಾಗಿ ದನ ಮೇಯುವ ಗೈರಾಣ ಹೋಯಿತು, ಬಂಡಿ ಹಾದಿ ಹೋಯಿತು; ಅವು ಯಾವ ವರ್ಷ, ಯಾವ ಸರ್ವೆ ನಂಬರಿನಲ್ಲಿ ಮರಳಿ ಸಿಗುತ್ತವೆ ಎಂದು ಕೇಳುವುದಕ್ಕೆ ಗ್ರಾಮಸಭೆಗೆ ಗಣಿ ಮುಚ್ಚುವ ಯೋಜನೆಯ ಪ್ರತಿ ಬೇಕು.

ಮಾಸ್ಟರ್ ಪ್ಲಾನಿನ ಕರಡು ಪ್ರಕಟಿಸಿ ಜನರಿಂದ ಆಕ್ಷೇಪಣೆ ಕೇಳುವ ಕಟ್ಟಳೆ ಇದೆ. ಗಣಿ ಮುಚ್ಚುವ ಯೋಜನೆಯನ್ನೂ ಹಾಗೆಯೇ ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಬೇಕೆಂಬುದು ಮಳಖೇಡದಿಂದ ವಾಡಿಯವರೆಗಿನ ಗ್ರಾಮಸಭೆಗಳ ಮೊದಲ ಠರಾವಾಗಲಿ. ಹಸಿರು ವಲಯದ ಚರ್ಚೆಗೆ ಆಮೇಲೆ ಕುಳಿತರೂ ನಡೆಯುತ್ತದೆ.