ಪೆಟ್ಟಿಗೆಯ ಮೇಲಿನ 525

ಆನ್‌ಲೈನಿನಲ್ಲಿ ತರಿಸುವ 70 ಮಿಲಿಮೀಟರ್ ಟೆಲಿಸ್ಕೋಪುಗಳ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ದಪ್ಪಕ್ಷರದಲ್ಲಿ 525 ಪಟ್ಟು ಎಂದು ಅಚ್ಚಾಗಿರುತ್ತದೆ. ಲೆಕ್ಕವೇನೋ ಸರಿಯೇ. ನಾಭಿದೂರ 700 ಮಿ.ಮೀ.; ಜೊತೆಗೆ ಕೊಟ್ಟ 4 ಮಿ.ಮೀ. ಐಪೀಸಿನಿಂದ ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಮಸೂರ ಸಿಕ್ಕಿಸಿದರೆ 525. ಆದರೆ ಮಸೂರದ ಅಗಲದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಹಳೆಯ ಅಂದಾಜು. ಆ ಪ್ರಕಾರ 70 ಮಿ.ಮೀ.ಗೆ 140ರ ಆಚೆ ಹೊಸ ವಿವರ ಸಿಗುವುದಿಲ್ಲ, ಬಿಂಬ ಉಬ್ಬಿ ಮಂಕಾಗುತ್ತದೆ ಅಷ್ಟೇ. ಗುರುಗ್ರಹ ಮಸುಕು ಮುದ್ದೆಯಾಗಿ ಕಂಡಾಗ ಕೊಂಡವರು ಮಾಡುವ ಮುಂದಿನ ಕೆಲಸ, ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಬರುವ ಐಪೀಸ್ ಕಿಟ್ ತರಿಸುವುದು. ನಾಲ್ಕೈದು ಐಪೀಸು, ಇನ್ನೊಂದು ಬಾರ್ಲೋ, ಸಾಲಾಗಿ ಬಣ್ಣದ ಫಿಲ್ಟರು. ನೋಡಲು ಚೆಂದ. ಅದರಲ್ಲಿ ಅರ್ಧಕ್ಕರ್ಧ ಜನ್ಮದಲ್ಲಿ ಬಳಕೆಗೆ ಬರುವುದಿಲ್ಲ.

ಕ್ಯಾಟಲಾಗು ಬರೆಯುವವರ ಮನಸ್ಸಿನಲ್ಲಿ ಬಯಲುಸೀಮೆಯ ಆಕಾಶವಿದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಮನೆಗಳಿಗೆ ಕ್ಷಿತಿಜವೇ ಇಲ್ಲ. ಸುತ್ತ ಗುಡ್ಡ, ಮೆಟ್ಟಿಲಿಳಿದರೆ ಅಡಿಕೆ ತೋಟ. ಉಳಿಯುವುದು ಅಂಗಳದ ನೆತ್ತಿಯ ಮೇಲಿನ ತುಂಡು ಆಕಾಶ. ಪುಣ್ಯಕ್ಕೆ, ನೋಡತಕ್ಕದ್ದು ಬಹುಪಾಲು ಅಲ್ಲಿಗೇ ಬರುತ್ತದೆ. ಶೃಂಗೇರಿಯ ಅಕ್ಷಾಂಶ 13.4 ಡಿಗ್ರಿ. ಕೃತ್ತಿಕೆ ನೆತ್ತಿಯಿಂದ ಬರೀ 11 ಡಿಗ್ರಿ ಉತ್ತರಕ್ಕೆ ಹಾಯುತ್ತದೆ, ಮಹಾವ್ಯಾಧನ ನೀಹಾರಿಕೆ 19 ಡಿಗ್ರಿ ದಕ್ಷಿಣಕ್ಕೆ. ಹಾಗಾಗಿ ಇಲ್ಲಿಯವರ ಮೊದಲ ಖರೀದಿ ಐಪೀಸ್ ಆಗಬಾರದು, ನೋಟವನ್ನು ಅಡ್ಡಕ್ಕೆ ತಿರುಗಿಸುವ 90 ಡಿಗ್ರಿಯ ಡಯಾಗನಲ್ ಆಗಬೇಕು. ಅಗ್ಗದ ಟೆಲಿಸ್ಕೋಪಿನ ಜೊತೆ ಸಾಮಾನ್ಯವಾಗಿ ಬರುವ 45 ಡಿಗ್ರಿಯ ಪ್ರಿಸಂ ಹಗಲು ಹಕ್ಕಿ ನೋಡುವವರಿಗೆ ಮಾಡಿದ್ದು. ನೆತ್ತಿಗೆ ತಿರುಗಿಸಿದರೆ ಮಂಡಿಯೂರಿ ಕತ್ತು ಉಳುಕಿಸಿಕೊಳ್ಳಬೇಕು. ಮೇಲಾಗಿ ಪ್ರಕಾಶಮಾನ ನಕ್ಷತ್ರಗಳಿಗೆ ಇಲ್ಲದ ಗೆರೆಯೊಂದನ್ನು ಅಂಟಿಸುತ್ತದೆ. ಕೆಂಪು ಚುಕ್ಕೆಯ ಫೈಂಡರಿನದೂ ಇದೇ ಪಾಡು. ಕೊಳವೆಯ ಗುಂಟ ಕಣ್ಣಿಡಬೇಕಾದ್ದರಿಂದ ನೆತ್ತಿಯ ಮೇಲಿನದನ್ನು ಹಿಡಿಯಲು ನೆಲಕ್ಕೇ ಒರಗಬೇಕು.

ಇಕ್ವಟೋರಿಯಲ್ ಮೌಂಟ್, ಅದಕ್ಕೊಂದು ಮೋಟಾರು ಎಂದು ಆಸೆಪಡುವವರಿದ್ದಾರೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಕೂರಿಸಬೇಕು. ನಮ್ಮಲ್ಲಿ ಧ್ರುವ ಏರುವುದೇ ಹದಿಮೂರು ಡಿಗ್ರಿ ಚಿಲ್ಲರೆ. ಬಹಳ ಮನೆಗಳಿಗೆ ಅದು ಗುಡ್ಡದ ಹಿಂದೆಯೋ ಅಡಿಕೆ ಮರದ ಹೆಡೆಗಳ ಹಿಂದೆಯೋ ಅಡಗಿರುತ್ತದೆ. ಇನ್ನೊಂದು ತೊಡಕೂ ಉಂಟು. ಮಳೆ ಬಿಟ್ಟು ಆಕಾಶ ತಿಳಿಯಾಗುವ ಹೊತ್ತಿಗೆ ಅಡಿಕೆ ಕೊಯ್ಲು ಶುರು, ಅಂಗಳಕ್ಕೆ ಚಪ್ಪರ. ಸುಲಿದು ಬೇಯಿಸಿದ ಅಡಿಕೆ ಒಣಗಿ ಮೂಟೆಯಾಗುವ ತನಕ ಟೆಲಿಸ್ಕೋಪಿಗೆ ಒಂದು ಮೂಲೆ, ಇಲ್ಲವೇ ರಸ್ತೆಯಂಚು. ಚಪ್ಪರದ ಮೇಲೇ ಇಟ್ಟರೆ ಯಾರೋ ಕಾಲು ಬದಲಿಸಿದರೂ ಸಾಕು, ಶನಿ ಕುಣಿಯುತ್ತಾನೆ. ಒಂದೇ ಸಲಕ್ಕೆ ಎತ್ತಿಕೊಂಡು ಹೋಗಲಾಗದ ಉಪಕರಣ ಮಲೆನಾಡಿಗೆ ಹೇಳಿದ್ದಲ್ಲ.

ಅಲುಗಾಟದ ಮದ್ದು ಮಾತ್ರ ಅಗ್ಗ. ಟ್ರೈಪಾಡಿನ ಕಾಲನ್ನು ಪೂರ್ತಿ ಎಳೆಯದೆ ಕುಳಿತು ನೋಡುವುದು, ನಡುವಿನ ತಟ್ಟೆಗೆ ಮರಳಿನ ಚೀಲ ತೂಗುಹಾಕುವುದು. ಕೊಳವೆಗೆ ಬೆರಳಿನಿಂದ ತಟ್ಟಿದರೆ ಬಿಂಬ ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಬೇಕು; ನಿಲ್ಲದಿದ್ದರೆ ಎಂಥ ಐಪೀಸ್ ತಂದರೂ ದಂಡ. 114 ಮಿ.ಮೀ. ಕನ್ನಡಿಯ ಟೆಲಿಸ್ಕೋಪು ಬಡಕಲು ಸ್ಟ್ಯಾಂಡಿನ ಮೇಲೆ ನಿಂತಿದ್ದರೆ ಆ ಸ್ಟ್ಯಾಂಡನ್ನು ಅಟ್ಟಕ್ಕೆ ಹಾಕಿ, ಊರಿನ ಆಚಾರಿಯಿಂದ ಡಾಬ್ಸೋನಿಯನ್ ಪೆಟ್ಟಿಗೆ ಮಾಡಿಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದ ಜಾನ್ ಡಾಬ್ಸನ್ ಬಳಕೆಗೆ ತಂದ ಈ ಉಪಾಯಕ್ಕೆ ಬೇಕಾದದ್ದು ಪ್ಲೈವುಡ್ಡು, ಒಂದಿಷ್ಟು ಸನ್‌ಮೈಕಾ, ಟೆಫ್ಲಾನ್ ತುಂಡು. ಮರಗೆಲಸ ಬಲ್ಲವರು ಇರುವ ಊರಿನಲ್ಲಿ ಇದಕ್ಕಿಂತ ಲಾಭದ ಸುಧಾರಣೆ ನನಗೆ ಕಂಡಿಲ್ಲ.

ಆ 70 ಮಿ.ಮೀ. ಟೆಲಿಸ್ಕೋಪಿಗೆ ಐಪೀಸು ಎರಡು ಸಾಕು. 32 ಮಿ.ಮೀ. ಪ್ಲಾಸಲ್ ಹಾಕಿದರೆ 22 ಪಟ್ಟು, ಎರಡು ಡಿಗ್ರಿ ಮೀರಿದ ನೋಟ; ಕೃತ್ತಿಕೆ ಇಡಿಯಾಗಿ ಹಿಡಿಸುತ್ತದೆ. 8 ಮಿ.ಮೀ.ನದು 87 ಪಟ್ಟು. ಶನಿಯ ಉಂಗುರ ಗ್ರಹದಿಂದ ಬಿಡಿಸಿ ಕಾಣಲು ಅಷ್ಟು ಸಾಕು. 8 ಮಿ.ಮೀ. ಪ್ಲಾಸಲ್‌ನಲ್ಲಿ ಕಣ್ಣನ್ನು ಗಾಜಿಗೆ ತಾಗುವಷ್ಟು ಹತ್ತಿರ ಒಯ್ಯಬೇಕು, ಕನ್ನಡಕದವರಿಗೆ ಆಗದು. ಅವರು ಕಣ್ಣಿಗೆ ಹೆಚ್ಚು ಅಂತರ ಕೊಡುವ ಬಗೆಯನ್ನು ಕೇಳಿ ಕೊಳ್ಳಲಿ. ಕೊಳ್ಳುವ ಮೊದಲು ಐಪೀಸ್ ಕೂರುವ ತೂತನ್ನು ಅಳೆಯಿರಿ: ಹಳೆಯವು 0.965 ಇಂಚು, ಈಗಿನವು 1.25. ಬಣ್ಣದ ಫಿಲ್ಟರುಗಳ ಬಗ್ಗೆ ಹೇಳಲು ಏನೂ ಇಲ್ಲ, 70 ಮಿ.ಮೀ.ಗೆ ಇರುವ ಬೆಳಕೇ ಸಾಲದು.

ಒಂದು ಫಿಲ್ಟರಿನ ಬಗ್ಗೆ ಮಾತ್ರ ಕಟುವಾಗಿಯೇ ಹೇಳಬೇಕು. ಹಳೆಯ, ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಪುವ, ‘ಸನ್’ ಎಂದು ಬರೆದ ಕಪ್ಪು ಗಾಜು ಬರುತ್ತಿತ್ತು. ಸೂರ್ಯನ ಬಿಸಿಯೆಲ್ಲ ಒಟ್ಟಾಗಿ ಬೀಳುವ ಜಾಗದಲ್ಲೇ ಅದು ಇರುವುದರಿಂದ ಚಟ್ಟನೆ ಒಡೆಯಬಹುದು, ಕಣ್ಣು ಹೋಗುತ್ತದೆ. ಕೈಗೆ ಸಿಕ್ಕಿದರೆ ಮುರಿದು ಎಸೆಯಿರಿ. ವಿದ್ಯಾಶಂಕರ ದೇಗುಲದ ಹನ್ನೆರಡು ರಾಶಿಕಂಬಗಳ ಮೇಲೆ ಆಯಾ ಮಾಸದ ಬಿಸಿಲು ಬೀಳುತ್ತದೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಊರು ಶೃಂಗೇರಿ. ಸೂರ್ಯನನ್ನು ನೋಡುವ ಆಸೆ ಸಹಜ. ಅದಕ್ಕೆಂದೇ ತಯಾರಾದ ಫಿಲ್ಮನ್ನು ಕೊಳವೆಯ ಮುಂಬಾಯಿಗೆ ಭದ್ರವಾಗಿ ಕಟ್ಟಬೇಕು, ಫೈಂಡರಿನ ಬಾಯಿ ಮುಚ್ಚಬೇಕು. 2027ರ ಆಗಸ್ಟ್ 2ರಂದು ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ, ಮೋಡ ಬಿಟ್ಟುಕೊಟ್ಟರೆ.

ಮೋಡ, ಇಬ್ಬನಿ, ಬೂಷ್ಟು: ಇಲ್ಲಿನ ನಿಜವಾದ ಎದುರಾಳಿಗಳು ಈ ಮೂವರು, ಯಾವ ಕಿಟ್ಟೂ ಇವರ ಹೆಸರೆತ್ತುವುದಿಲ್ಲ. ಡಿಸೆಂಬರಿನ ರಾತ್ರಿ ಮಸೂರದ ಮೇಲೆ ಇಬ್ಬನಿ ಕೂತರೆ ಒರೆಸಬಾರದು, ತಾನಾಗಿ ಆರಬೇಕು. ಕಪ್ಪು ಫೋಮ್ ಹಾಳೆಯನ್ನು ಕೊಳವೆಯ ಬಾಯಿಯಿಂದ ಒಂದು ಗೇಣು ಮುಂದಕ್ಕೆ ಚಾಚುವಂತೆ ಸುತ್ತಿದರೆ ಕೂರುವುದೇ ತಡವಾಗುತ್ತದೆ. (ಅಡಿಕೆ ಹಾಳೆ ಸಾಲದೇ ಎಂದು ಕೇಳುವವರಿಗೆ: ಅದು ಇಬ್ಬನಿಗೆ ಮೆತ್ತಗಾಗುತ್ತದೆ, ಮರುವಾರ ಅದಕ್ಕೇ ಬೂಷ್ಟು.) ಪಕ್ಕದಲ್ಲೇ ಆಗುಂಬೆ ಇರುವ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಐಪೀಸುಗಳನ್ನು ಕಪಾಟಿನಲ್ಲಿಟ್ಟು ಮರೆತರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಹಬ್ಬುತ್ತದೆ, ಲೇಪನವನ್ನು ಕೊರೆದ ಮೇಲೆ ಆ ಗುರುತು ಹೋಗದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಅಂಟುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಇಷ್ಟೇ ಬೇಕಾದದ್ದು. ಬಣ್ಣ ತಿರುಗಿದ ಮಣಿಗಳನ್ನು ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆ ಬೇಡ. ಐಪೀಸಿಗೆ ಸಾವಿರಗಟ್ಟಲೆ ಕೊಟ್ಟವರು ಈ ಡಬ್ಬಿಗೆ ಚೌಕಾಸಿ ಮಾಡುವುದನ್ನು ಕಂಡಿದ್ದೇನೆ.

ಘಟ್ಟ ಇಳಿದರೆ ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ, ಬೆಂಗಳೂರಿಗೆ ಹೋದರೆ ಜವಾಹರಲಾಲ್ ನೆಹರೂ ತಾರಾಲಯ. ಇನ್ನೊಬ್ಬರ ಐಪೀಸಿನಲ್ಲಿ ಒಮ್ಮೆ ಕಣ್ಣಿಟ್ಟು ನೋಡಿಯೇ ದುಡ್ಡು ಬಿಚ್ಚಿ. ಉಳಿದ ಹಣದಲ್ಲಿ 10x50 ಬೈನಾಕ್ಯುಲರ್ ಒಂದನ್ನು ತನ್ನಿ. ಏಪ್ರಿಲ್, ಮೇ ರಾತ್ರಿಗಳಲ್ಲಿ ಒಮೆಗಾ ಸೆಂಟಾರಿ ಎಂಬ ತಾರಾಗುಚ್ಛ ಇಲ್ಲಿ ದಕ್ಷಿಣಕ್ಕೆ 29 ಡಿಗ್ರಿ ಏರುತ್ತದೆ. ದೆಹಲಿಯವರಿಗೆ ಅದು 14 ಡಿಗ್ರಿಯನ್ನೂ ದಾಟುವುದಿಲ್ಲ.