ಚೌಕಿಯನ್ನು ಮುಚ್ಚಿಟ್ಟ ವೇಷ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬಯಲಾಟ ನೋಡಿ ಬೆಳೆದವರಿಗೆ ಯಕ್ಷಗಾನದ ಚೌಕಿ ಅಪರಿಚಿತವಲ್ಲ. ಆಟಕ್ಕೆ ಮುನ್ನ ಮಕ್ಕಳು ಅಲ್ಲಿ ಇಣುಕುತ್ತಾರೆ. ಸಾಧಾರಣ ಮೈಕಟ್ಟಿನ ಕಲಾವಿದನೊಬ್ಬ ಬಣ್ಣ ಹಚ್ಚಿ, ಕೇದಗೆ ಮುಂದಲೆ ಕಟ್ಟಿ, ಅಭಿಮನ್ಯುವಾಗುವುದನ್ನು ಕಣ್ಣಾರೆ ಕಾಣುತ್ತಾರೆ. ಆಟ ಮುಗಿದಾಗ ಬಣ್ಣ ತೊಳೆದುಹೋಗುತ್ತದೆ. ಅಭಿಮನ್ಯುವಿನ ರೂಪ ತನಗಿಲ್ಲವೆಂದು ಯಾವ ಹುಡುಗನೂ ಊಟ ಬಿಡುವುದಿಲ್ಲ. ಅದು ವೇಷವೆಂಬುದು ಅವನಿಗೆ ತಿಳಿದಿದೆ.

ಇಂದಿನ ದೃಶ್ಯಮಾಧ್ಯಮದ ಬಗ್ಗೆ ನಮ್ಮ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಅದು ಚೌಕಿಯನ್ನು ಮುಚ್ಚಿಟ್ಟು ವೇಷವನ್ನೇ ನಿಜದೇಹವೆಂದು ತೋರಿಸುತ್ತದೆ. ಬೆಳಕು, ಪ್ರಸಾಧನ, ಚಿತ್ರ ತಿದ್ದುವ ತಂತ್ರ ಇವೆಲ್ಲವೂ ತೆರೆಯ ಹಿಂದೆ ಉಳಿಯುತ್ತವೆ. ನೋಡುವ ಹದಿಹರೆಯದ ಮಗು ತನ್ನ ಕನ್ನಡಿಯ ಮುಂದೆ ನಿಂತು ತನ್ನನ್ನೇ ಅಪರಾಧಿಯೆಂದು ಬಗೆಯುತ್ತದೆ.

ಇದು ಬರಿಯ ಊಹೆಯಲ್ಲ. ಫಿಜಿ ದ್ವೀಪಗಳಲ್ಲಿ ತುಂಬಿದ ಮೈ ಮೆಚ್ಚುಗೆಯ ವಿಷಯವಾಗಿತ್ತು. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂದಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಆನ್ ಬೆಕರ್ ಅದೇ ವರ್ಷ ಮತ್ತು 1998ರಲ್ಲಿ ಶಾಲಾಬಾಲಕಿಯರ ಎರಡು ಗುಂಪುಗಳನ್ನು ಅಧ್ಯಯನ ಮಾಡಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡುವವರು ಮೊದಲ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಮೂರು ವರ್ಷಗಳ ಬಳಿಕ ಶೇ. 11.3ರಷ್ಟಿದ್ದರು. ಅಧ್ಯಯನ ಚಿಕ್ಕದಾದರೂ ಅದರ ಎಚ್ಚರಿಕೆ ಚಿಕ್ಕದಲ್ಲ. ಆ ಟಿ.ವಿ. ಮನೆಯ ಮೂಲೆಯಲ್ಲಿತ್ತು, ಇಂದಿನ ಮೊಬೈಲ್ ಮಗುವಿನ ಹಾಸಿಗೆಯಲ್ಲಿದೆ.

ನಮ್ಮ ರಾಜ್ಯದಲ್ಲಿಯೂ 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್, ಕೇವಲ 21ರ ಪ್ರಾಯದಲ್ಲಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮೃತಪಟ್ಟರು. ಆಕೆಯನ್ನು ದೂರುವುದು ಸುಲಭ. ಆದರೆ ತೆರೆಯ ಮೇಲೆ ಕಾಣಿಸಬೇಕಾದವರನ್ನು ತೂಗುವ ಆ ತಕ್ಕಡಿಯನ್ನು ಹಿಡಿದವರು ಯಾರು? ನೋಡುಗರಾದ ನಮ್ಮ ಕಣ್ಣುಗಳಿಗೆ ಅದರಲ್ಲಿ ಪಾಲಿಲ್ಲವೆ?

ಈ ಪ್ರಶ್ನೆಯನ್ನು ನಮ್ಮ ಕರಾವಳಿಯದೇ ಒಂದು ಚಿತ್ರ ನಗುತ್ತಲೇ ಎತ್ತಿತ್ತು. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಚಿತ್ರದ ನಾಯಕ ಬೋಳುತಲೆಯ ಕನ್ನಡ ಉಪನ್ಯಾಸಕ. ಲೋಕದ ಕಣ್ಣಿನಿಂದ ನೊಂದ ಆತ ಹುಡುಗಿಯರನ್ನು ನೋಡುವಾಗ ತಾನೂ ಅದೇ ಕಣ್ಣಿನಿಂದ ನೋಡುತ್ತಾನೆ. ಚಿತ್ರದ ನಿಜವಾದ ಗುಣ ಈ ಪ್ರಾಮಾಣಿಕತೆ. ಮಾಧ್ಯಮ ಬಿತ್ತಿದ ಬೀಜ ಮೊಳೆಯುವುದು ನಮ್ಮ ನೆಲದಲ್ಲಿಯೇ. ಮದುವೆಯ ಚಪ್ಪರದಲ್ಲಿ ಸಿಕ್ಕ ಹುಡುಗಿಗೆ ಕುಶಲ ಕೇಳುವ ಮೊದಲೇ, “ಎಷ್ಟು ತೋರ ಆಗಿದ್ದೀ!” ಎನ್ನುವವರು ನಾವಲ್ಲವೆ?

ಕೆಲವರು ಊಟ ಬಿಡುವುದನ್ನು ಸಂಯಮವೆಂದು ಹೊಗಳುವುದುಂಟು. ತಪಸ್ಸುಕಾಲದ ಉಪವಾಸ ಹಸಿದ ನೆರೆಯವನನ್ನು ನೆನೆಯಲು ಕಲಿಸುತ್ತದೆ. ಈ ಹಸಿವು ತನ್ನ ದೇಹವನ್ನೇ ದ್ವೇಷಿಸಲು ಕಲಿಸುತ್ತದೆ. ಅನೊರೆಕ್ಸಿಯಾ ಎಂಬ ರೋಗ ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಜೀವಹಾನಿ ಉಂಟುಮಾಡುವವುಗಳಲ್ಲಿ ಒಂದು. ಅದು ಹಟವಲ್ಲ, ಗದರಿಕೆಗೆ ಬಗ್ಗುವುದೂ ಇಲ್ಲ.

ಆದುದರಿಂದ ಹೆತ್ತವರು ಊಟದ ಹೊತ್ತನ್ನು ಗಮನಿಸಬೇಕು. ಮಗು ಎಲ್ಲರೊಡನೆ ಉಣ್ಣಲು ಹಿಂಜರಿದರೆ, ಉಂಡೊಡನೆ ಬಚ್ಚಲು ಸೇರಿದರೆ, ದಿನಕ್ಕೆ ಹಲವು ಬಾರಿ ತೂಕ ನೋಡಿಕೊಂಡರೆ, ವೈದ್ಯರನ್ನು ಕಾಣಲು ತಡಮಾಡಬಾರದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಸಲಹೆ ಉಚಿತವಾಗಿ ದೊರೆಯುತ್ತದೆ. ಜೊತೆಗೆ, ಮಕ್ಕಳ ಬಳಿ ಕುಳಿತು ಅವರು ನೋಡುವುದನ್ನು ನಾವೂ ನೋಡೋಣ. ಆ ವೇಷ ಕಟ್ಟಿದ ಬಗೆಯನ್ನು ಬಿಡಿಸಿ ತೋರಿಸೋಣ. ಹಿಂದೆ ಚೌಕಿಯ ಬಾಗಿಲಿನಲ್ಲಿ ನಾವು ಕಲಿತ ಪಾಠ ಅವರಿಗೂ ದಕ್ಕಲಿ. ಕುಚ್ಚಲಕ್ಕಿ ಗಂಜಿಯ ಬಟ್ಟಲಿನ ಮುಂದೆ ಯಾವ ಮಗುವೂ ಅಂಜುತ್ತಾ ಕೂರದಿರಲಿ.